ಕಣ್ಣಲ್ಲಿ ನಿಲ್ಲದ ಹನಿ

ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡುವವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ ಬೆಳಗಿನ ಬಸ್ಸು ಹತ್ತಿ ಬಂದು, ಚೀಟಿ ಮಾಡಿಸಿಕೊಂಡು, ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತವೆ. ಎಪ್ಪತ್ತರ ದಶಕದ ಕೊನೆಯಿಂದ ಹಲವು ವರ್ಷ ನಾನು ಕೋಲಾರದ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಿಗೆ ಸಹಾಯಕನಾಗಿದ್ದೆ. ವಾರದಲ್ಲಿ ಕೆಲವು ದಿನ ಕೋಲಾರ, ಉಳಿದ ದಿನ ಜೀಪಿನಲ್ಲಿ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಕಣ್ಣು ನೋಡುವುದು, ಔಷಧಿ ಬರೆಯುವುದು ನಮ್ಮ ಡಾಕ್ಟರಮ್ಮನ ಕೆಲಸ. ಹನಿ ಹಾಕುವುದು, ಮನೆಯಲ್ಲಿ ಹೇಗೆ ಹಾಕಿಕೊಳ್ಳಬೇಕೆಂದು ಹೇಳಿಕೊಡುವುದು ನನ್ನ ಕೆಲಸ.

ಹನಿ ಹಾಕುವುದರಲ್ಲಿ ಹೇಳಿಕೊಡುವಂಥದ್ದು ಏನಿದೆ ಎಂದು ಕೆಲವರು ಕೇಳಿದ್ದುಂಟು. ಇದೆ. ಕಣ್ಣಿಗೂ ಔಷಧಿಗೂ ಮೊದಲಿನಿಂದ ಆಗಿಬರುವುದಿಲ್ಲ. ಹನಿ ಬಿದ್ದ ಕೂಡಲೇ ಕಣ್ಣು ರೆಪ್ಪೆ ಬಡಿದು, ನೀರು ತುಂಬಿಸಿಕೊಂಡು, ಅದನ್ನು ಹೊರಗೆ ಹಾಕುವ ಏರ್ಪಾಡು ಮಾಡುತ್ತದೆ. ಒಂದು ಪಾಲು ಕೆನ್ನೆಯ ಮೇಲೆ ಹರಿಯುತ್ತದೆ, ಇನ್ನೊಂದು ಪಾಲು ಮೂಗಿನ ಪಕ್ಕದ ಸಣ್ಣ ಕೊಳವೆಯಲ್ಲಿ ಇಳಿದು ಗಂಟಲಿಗೆ ಹೋಗುತ್ತದೆ. ಕಣ್ಣಿನೊಳಗೆ ಸೇರುವುದು ಲೆಕ್ಕಕ್ಕಿಲ್ಲದಷ್ಟು. ದೊಡ್ಡ ದೊಡ್ಡ ವಿಜ್ಞಾನಿಗಳು ಇದಕ್ಕಾಗಿ ತಲೆ ಕೆಡಿಸಿಕೊಂಡಿದ್ದಾರೆಂದು ನನಗೆ ಆಮೇಲೆ ಗೊತ್ತಾಯಿತು. ನಮ್ಮ ಜಿಲ್ಲೆಯವರೂ ತಮ್ಮ ಕೈಲಾದಷ್ಟು ಕೆಡಿಸಿಕೊಂಡಿದ್ದರು. ಅವರಲ್ಲಿ ಯಲ್ದೂರು ಕಡೆಯ ಒಬ್ಬ ಹೆಂಗಸಿಗೆ ಉಳಿದಿದ್ದ ಒಂದೇ ಕಣ್ಣು ಈ ಹನಿಯನ್ನು ನಂಬಿಕೊಂಡಿತ್ತು. ಅವಳದು ದೊಡ್ಡ ಕಥೆ. ಅದಕ್ಕೆ ಮೊದಲು ಎರಡು ಚಿಕ್ಕವನ್ನು ಹೇಳಿಬಿಡುತ್ತೇನೆ.

ಬೆಲ್ಲದ ಜೊತೆ

ಮಾಸ್ತಿ ಕಡೆಯ ಯಜಮಾನರೊಬ್ಬರು ಕಣ್ಣು ಕೆಂಪಗೆ ಮಾಡಿಕೊಂಡು, ಪಿಸುರು ಒರೆಸಿಕೊಳ್ಳುತ್ತಾ ಮಾಲೂರಿಗೆ ಬಂದರು. ನಾನು ಹನಿ ಹಾಕಿದೆ. ಸ್ವಲ್ಪ ಹೊತ್ತಿಗೆ ಅವರು ಮುಖ ಕಿವುಚಿ, ಕಣ್ಣಿಗೆ ಹಾಕಿದ್ದು ಗಂಟಲಲ್ಲಿ ಹೇಗೆ ಕಹಿಯಾಯಿತು ಎಂದು ಕೇಳಿದರು. ಗೋಡೆಯ ಮೇಲೆ ಕಣ್ಣಿನ ಒಂದು ಪಟವಿತ್ತು. ಅದನ್ನು ತೋರಿಸಿ, ಕಣ್ಣಿನಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ಇರುವ ದಾರಿಯನ್ನು ವಿವರಿಸಿದೆ. ಪಕ್ಕದ ಜಮೀನಿನವನ ಬದುವನ್ನು ನೋಡುವಷ್ಟು ಗಮನವಿಟ್ಟು ಅವರು ಆ ಪಟವನ್ನು ನೋಡಿದರು.

ಮುಂದಿನ ವಾರ ಬಂದಾಗ ಕಣ್ಣು ಹಾಗೇ ಇತ್ತು, ಸೀಸೆ ಮಾತ್ರ ಖಾಲಿಯಾಗಿತ್ತು. ವಿಚಾರಿಸಿದರೆ, ಬೆಲ್ಲದ ಚೂರಿನ ಜೊತೆ ಅಷ್ಟನ್ನೂ ಕುಡಿದು ಮುಗಿಸಿದ್ದರು. ಕಣ್ಣಿಗೆ ಹಾಕಿದರೆ ಅರ್ಧ ಚೆಲ್ಲಿ ದಂಡವಾಗುತ್ತದೆ, ಬಾಯಿಗೆ ಹಾಕಿದರೆ ಒಂದು ತೊಟ್ಟೂ ಹಾಳಾಗುವುದಿಲ್ಲ ಎಂಬುದು ಅವರ ವಿಚಾರ. ಪುಣ್ಯಕ್ಕೆ ಅವರ ಹೊಟ್ಟೆಗೆ ಏನೂ ಆಗಿರಲಿಲ್ಲ. ಡಾಕ್ಟರಮ್ಮ ರೇಗಿದರು. ಗಂಟಲಿಗೆ ಹಾಕಿದ್ದು ಕಣ್ಣಿಗೆ ಹತ್ತಿಕೊಂಡು ಹೋಗುತ್ತದೆ ಎಂದು ನಿಮಗೆ ಹೇಳಿದವರು ಯಾರು ಎಂದು ಕೇಳಿದರು. ಯಜಮಾನರು ಸ್ವಲ್ಪವೂ ಕಸಿವಿಸಿಪಡಲಿಲ್ಲ.

“ನಮ್ಮೂರ ಬಸ್ಸು ಮಾಲೂರಿಗೆ ಬರ್ತದಲ್ಲಮ್ಮ,” ಎಂದರು. “ಅದೇ ರೋಡಲ್ಲಿ ವಾಪಸ್ಸು ಹೋಗಲ್ವಾ?”

ಹಿಂದಿನಿಂದ ಬಂದ ಹನಿ

ಮುಳಬಾಗಿಲಿನಲ್ಲಿ ಒಬ್ಬರು ಟೈಲರ್ ಸಾಹೇಬರಿದ್ದರು. ಸೂಜಿಗೆ ದಾರ ಪೋಣಿಸುವಾಗ ರೆಪ್ಪೆ ಅಲ್ಲಾಡಿಸದ ಮನುಷ್ಯ. ಹನಿ ಹಾಕಲು ಹೋದರೆ ಮಾತ್ರ ಕಣ್ಣನ್ನು ಎಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರೆಂದರೆ, ತೆರೆಸುವುದಕ್ಕೆ ಇಬ್ಬರು ಬೇಕು. ನಾನು ಹಾಕಿದ ಮೊದಲ ಹನಿ ಹುಬ್ಬಿಗೆ ಬಿತ್ತು, ಎರಡನೆಯದು ಗಡ್ಡಕ್ಕೆ. ಕೊನೆಗೆ ಅವರ ಬೀಬಿಯ ಕೈಗೆ ಸೀಸೆ ಕೊಟ್ಟು, ಹನಿ ಬರುತ್ತಿದೆಯೆಂದು ಗೊತ್ತಾದರೆ ಇವರು ಕಣ್ಣು ಮುಚ್ಚುತ್ತಾರೆ, ಸ್ವಲ್ಪ ನೋಡಿಕೊಂಡು ಹಾಕಿ ಎಂದೆ. ನಾನು ಹೇಳಿದ್ದು ತಾಳ್ಮೆಯಿಂದ ಹಾಕಿ ಎನ್ನುವ ಅರ್ಥದಲ್ಲಿ.

ಆಕೆ ಗೊತ್ತಾಗದ ಹಾಗೆ ಹಾಕುವುದೆಂದು ತೀರ್ಮಾನಿಸಿದರು. ಸಾಹೇಬರು ಮಿಷನ್ನು ತುಳಿಯುತ್ತಾ ಮೈಮರೆತಿರುವಾಗ ಹಿಂದಿನಿಂದ ಸದ್ದಿಲ್ಲದೆ ಬಂದು, ಗದ್ದ ಹಿಡಿದು ತಲೆಯನ್ನು ಹಿಂದಕ್ಕೆ ಬಾಗಿಸಿ, ಅವರು ಏನಾಯಿತೆಂದು ಕಣ್ಣು ಬಿಟ್ಟ ಕ್ಷಣದಲ್ಲಿ ಹನಿ ಹಾಕಿ ಹೋಗಿಬಿಡುತ್ತಿದ್ದರಂತೆ. ಗುರಿ ಒಂದು ಸಲವೂ ತಪ್ಪಲಿಲ್ಲ.

ಮುಂದಿನ ವಾರ ಬಂದಾಗ ಕಣ್ಣು ತಿಳಿಯಾಗಿತ್ತು. ಆದರೆ ಸಾಹೇಬರು ಬೆಂಚಿನ ಮೇಲೆ ಕೂರಲೊಪ್ಪದೆ ಗೋಡೆಗೆ ಬೆನ್ನು ಅಂಟಿಸಿಕೊಂಡು ನಿಂತಿದ್ದರು. ಅಂಗಡಿಯಲ್ಲೂ ಮಿಷನ್ನನ್ನು ತಿರುಗಿಸಿ ಇಟ್ಟಿದ್ದಾರಂತೆ. ಹಿಂದೆ ನಿಂತ ಗಿರಾಕಿ ಕೆಮ್ಮಿದರೂ ಬೆಚ್ಚಿಬಿದ್ದು ಕತ್ತರಿ ಕೈಬಿಡುತ್ತಾರಂತೆ. ಹೇಗಿದೆ ಎಂದು ಕೇಳಿದೆ.

“ಕಣ್ಣು ಬಿಲ್ಕುಲ್ ಸರಿ ಆಯ್ತು ಸಾಬ್,” ಎಂದರು. “ಈಗ ಎದೆ ಹೊಡ್ಕೊಳ್ಳೋದಕ್ಕೆ ಏನಾದ್ರೂ ಹನಿ ಇದ್ರೆ ಕೊಡಿ.”

ಸೊಪ್ಪಿನ ಹೊತ್ತು

ಇನ್ನು ಯಲ್ದೂರು ಕಡೆಯ ಆ ಹೆಂಗಸು. ವಯಸ್ಸು ಐವತ್ತು ದಾಟಿತ್ತು. ಮನೆಯವರದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಕಸುಬು. ನಾವು ಶ್ರೀನಿವಾಸಪುರಕ್ಕೆ ಹೋದ ದಿನ ಸೊಸೆಯ ಜೊತೆ ಬಂದಳು. ಎಡಗಣ್ಣು ಆಗಲೇ ಹೋಗಿತ್ತು. ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಏರಿ, ನೋಟವನ್ನು ಅಂಚಿನಿಂದ ತಿನ್ನುತ್ತಾ ಬರುವ ಕಾಯಿಲೆ. ಹೋದ ನೋಟ ತಿರುಗಿ ಬರುವುದಿಲ್ಲ. ಬಲಗಣ್ಣಿಗೂ ಆಗ ತಾನೇ ಶುರುವಾಗಿತ್ತು. ಕೋಲಾರಕ್ಕೆ ಬಂದು ಆಪರೇಷನ್ ಮಾಡಿಸಿಕೋ ಎಂದರೆ, ಹುಳ ಬಿಟ್ಟು ಬರುವುದಿಲ್ಲ ಎಂದು ಖಂಡಿತವಾಗಿ ಹೇಳಿದಳು. ಉಳಿದದ್ದು ಹನಿ ಒಂದೇ. ದಿನಕ್ಕೆ ನಾಲ್ಕು ಸಲ, ಒಂದು ದಿನವೂ ತಪ್ಪದೆ, ಬದುಕಿರುವವರೆಗೂ ಹಾಕಿಕೊಳ್ಳಬೇಕು.

ಅವಳಿಗೆ ಕಣ್ಣು ಬೇಕಾಗಿದ್ದದ್ದು ಲೋಕ ನೋಡುವುದಕ್ಕಲ್ಲ. ಗೂಡು ಕಟ್ಟುವ ಕಾಲ ಬಂದಾಗ ಹುಳದ ಮೈ ತಿಳಿಯಾಗಿ ಹೊಳೆಯುತ್ತದೆ. ಆಗ ಅದು ಹಣ್ಣಾಯಿತು ಎನ್ನುತ್ತಾರೆ. ಹಣ್ಣಾದ ಹುಳವನ್ನು ಒಂದೊಂದಾಗಿ ಕಣ್ಣಿನಿಂದಲೇ ಗುರುತಿಸಿ ಆರಿಸಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಬೇಗ ಬಿಟ್ಟರೂ ನಷ್ಟ, ತಡವಾದರೂ ನಷ್ಟ. ಆ ಮನೆಯಲ್ಲಿ ಹುಳ ಆರಿಸುವ ಕೈ ಯಾರದೋ ಯಜಮಾನಿಕೆ ಅವರದು. ಅತ್ತೆಗೆ ಕಣ್ಣು ಹೋದರೆ ಹುಳದ ತಟ್ಟೆಗಳು ಸೊಸೆಯ ಪಾಲು.

“ಸಾಯೋದಕ್ಕೆ ನಂಗೇನು ಬೇಜಾರಿಲ್ಲ ಸಾರ್,” ಎಂದಳು ನನ್ನ ಹತ್ತಿರ. “ತಟ್ಟೆ ಅವಳ ಕೈಗೆ ಹೋಗೋದು ನೋಡೋಕಾಗಲ್ಲ.” ಕಣ್ಣು ಹೋದ ಮೇಲೆ ನೋಡುವ ಪ್ರಶ್ನೆಯೇ ಬರುವುದಿಲ್ಲವೆಂದು ನಾನು ಹೇಳಲಿಲ್ಲ.

ಸೊಸೆ ಪಕ್ಕದಲ್ಲೇ ಇದ್ದಳು. ಅವರಿಬ್ಬರೂ ಜಗಳವಾಡುತ್ತಿದ್ದದ್ದು ತೆಲುಗಿನಲ್ಲಿ, ನಮಗೆ ದೂರು ಹೇಳುತ್ತಿದ್ದದ್ದು ಕನ್ನಡದಲ್ಲಿ. ಜಗಳದಲ್ಲಿ ಅತ್ತೆಯ ಮಾತೇ ಎಲ್ಲಾ. ಸೊಸೆ ಒಂದು ವಾಕ್ಯ ಶುರು ಮಾಡಿದರೆ ಅದನ್ನು ಮುಗಿಸುತ್ತಿದ್ದದ್ದು ಅತ್ತೆ.

ಹೊತ್ತು ಹೊತ್ತಿಗೆ ಹನಿ ಹಾಕಿಕೊಳ್ಳಬೇಕಲ್ಲ, ಮನೆಯಲ್ಲಿ ಗಡಿಯಾರ ಇದೆಯೇ ಎಂದು ಡಾಕ್ಟರಮ್ಮ ಕೇಳಿದರು. ಇದೆ, ನಡೆಯುವುದಿಲ್ಲ ಎಂದಳು. ಹುಳಕ್ಕೆ ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕುತ್ತೀ ಎಂದರು. ನಾಲ್ಕು ಸಲ. ಮರೆಯುವುದುಂಟೋ ಎಂದು ಕೇಳಿದ್ದಕ್ಕೆ ಅವಳಿಗೆ ಅವಮಾನವೇ ಆಯಿತು. ಡಾಕ್ಟರಮ್ಮನಿಗೆ ಸಂತೋಷವಾಗಿ, ಹಾಗಾದರೆ ಪ್ರತಿ ಸಲ ಸೊಪ್ಪು ಹಾಕಿದ ಮೇಲೆ ನಿನ್ನ ಕಣ್ಣಿಗೆ ಒಂದು ಹನಿ ಎಂದು ಕಟ್ಟು ಮಾಡಿದರು. ಆ ಔಷಧಿ ಬಿದ್ದರೆ ಕಣ್ಣಿನ ಪಾಪೆ ಸಣ್ಣದಾಗಿ, ಬೆಳಕು ಕಡಿಮೆ ಇರುವ ಕಡೆ ಸ್ವಲ್ಪ ಹೊತ್ತು ಮಸುಕಾಗುತ್ತದೆ. ಹುಳದ ಕೋಣೆಯಲ್ಲಿ ಮೊದಲೇ ಮಬ್ಬು. ಅದಕ್ಕಾಗಿ ಸೊಪ್ಪು ಮೊದಲು, ಹನಿ ಆಮೇಲೆ.

ಅವಳು ಡಾಕ್ಟರಮ್ಮನನ್ನು ಮೊದಲ ಸಲ ಮೆಚ್ಚುಗೆಯಿಂದ ನೋಡಿದಳು. “ಹುಳಕ್ಕೆ ಮೊದ್ಲು, ನಂಗೆ ಆಮೇಲೆ,” ಎಂದಳು. “ಇಷ್ಟು ದಿನಕ್ಕೆ ಓದಿರೋರು ಒಬ್ರು ಸಿಕ್ಕಿದ್ರು.”

ಹುಳ ಜ್ವರಕ್ಕೆ ಕೂತಾಗ

ಮೊದಲ ಸಲ ಪರೀಕ್ಷೆಗೆ ಬಂದಾಗ ಕಣ್ಣಿನ ಒತ್ತಡ ಚೆನ್ನಾಗಿ ಇಳಿದಿತ್ತು. ಎರಡನೇ ಸಲ ಬಂದಾಗ ಏರಿತ್ತು. ಮತ್ತೆ ಇಳಿಯಿತು, ಮತ್ತೆ ಏರಿತು. ಡಾಕ್ಟರಮ್ಮನಿಗೆ ಒತ್ತಡ ನೋಡುವ ಉಪಕರಣದ ಮೇಲೆಯೇ ಅನುಮಾನ ಬಂದು, ಅದನ್ನು ನನ್ನ ಕಣ್ಣಿನ ಮೇಲಿಟ್ಟು ನೋಡಿದರು. ಉಪಕರಣ ಸರಿಯಾಗಿತ್ತು, ನನ್ನ ಕಣ್ಣು ಮಧ್ಯಾಹ್ನದವರೆಗೆ ಉರಿಯಿತು. ಅತ್ತೆಯ ಅನುಮಾನ ಬೇರೆ ಕಡೆಗಿತ್ತು. ಸೊಸೆ ಸೀಸೆಗೆ ನೀರು ಬೆರೆಸಿದ್ದಾಳೆ ಎಂದಳು. ಸೊಸೆ ಸೀಸೆಯ ಮುಚ್ಚಳ ತೆಗೆದು, ಬೇಕಾದರೆ ನನ್ನ ಕಣ್ಣಿಗೇ ಹಾಕಿಕೊಂಡು ತೋರಿಸುತ್ತೇನೆ ಎಂದು ಹೊರಟಳು. ನಾನು ತಡೆದೆ.

ಕೂರಿಸಿ ಕೇಳಿದರೆ, ಸೊಪ್ಪು ಹಾಕಿದಾಗಲೆಲ್ಲ ಹನಿ ಹಾಕಿಕೊಂಡಿದ್ದೇನೆ, ಒಂದು ಸಲವೂ ತಪ್ಪಿಸಿಲ್ಲ ಎಂದು ಅತ್ತೆ ಆಣೆ ಇಟ್ಟಳು. ಅದು ಸುಳ್ಳಾಗಿರಲಿಲ್ಲ. ಆದರೆ ರೇಷ್ಮೆ ಹುಳ ಬೆಳೆಯುವಾಗ ಆಗಾಗ ಹಳೆಯ ಚರ್ಮ ಕಳಚುತ್ತದೆ. ಆಗ ಒಂದು ದಿನದ ಮಟ್ಟಿಗೆ ಅಲ್ಲಾಡದೆ, ಏನೂ ತಿನ್ನದೆ ತಲೆ ಎತ್ತಿಕೊಂಡು ಇದ್ದುಬಿಡುತ್ತದೆ. ರೇಷ್ಮೆಯವರು ಅದನ್ನು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಆ ದಿನ ಸೊಪ್ಪಿಲ್ಲ. ಸೊಪ್ಪಿಲ್ಲವಾದ್ದರಿಂದ ಹನಿಯೂ ಇಲ್ಲ. ಗೂಡು ಕಟ್ಟಿದ ಮೇಲೆ ಮುಂದಿನ ಹುಳ ಮನೆಗೆ ಬರುವವರೆಗೆ ಸೀಸೆ ಅಟ್ಟದ ಮೇಲೆ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು.

ಯಾಕೆ ಹೀಗೆ ಮಾಡಿದೆ ಎಂದು ಡಾಕ್ಟರಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡರು. ಹುಳ ಉಪವಾಸ ಇರುವಾಗ ತಾನು ಹೇಗೆ ಹಾಕಿಕೊಳ್ಳುವುದು, ನೀವೇ ಹೇಳಿದ ಕಟ್ಟಲ್ಲವಾ ಎಂದಳು ಅವಳು.

ಸರಿ, ಹುಳ ಬೇಡ, ಮನೆಯಲ್ಲಿ ಜ್ವರಕ್ಕೆ ಕೂರದೆ ತಿನ್ನುವವರು ಇನ್ಯಾರಾದರೂ ಇರಬೇಕಲ್ಲ ಎಂದು ಡಾಕ್ಟರಮ್ಮ ಯೋಚಿಸಿದರು. ಗಂಡ ಇದ್ದಾನೆ. ಎರಡು ಊಟ, ಎರಡು ಕಾಫಿ, ಸರಿಯಾಗಿ ನಾಲ್ಕು. ಅವನಿಗೆ ಕೊಟ್ಟಾಗಲೆಲ್ಲ ಒಂದು ಹನಿ ಹಾಕಿಕೋ ಎಂದರು. ಅವಳು ತಲೆ ಅಲ್ಲಾಡಿಸಿದಳು.

“ಅವರನ್ನ ನಂಬೋಕಾಗಲ್ಲಮ್ಮ. ಮಾತು ಮಾತಿಗೂ ಮುನಿಸ್ಕೊಂಡು ಊಟ ಬಿಡ್ತಾರೆ. ಹುಳ ಯಾವತ್ತು ಜ್ವರಕ್ಕೆ ಕೂರ್ತದೆ ಅಂತ ಮೊದ್ಲೇ ಗೊತ್ತಾಗ್ತದೆ. ಇವರು ಯಾವತ್ತು ಕೂರ್ತಾರೋ ಯಾರಿಗೂ ಗೊತ್ತಾಗಲ್ಲ.”

ಸೀಸೆ ಕೈ ಬದಲಾದದ್ದು

ಇನ್ನು ದಾರಿಯಿಲ್ಲವೆಂದು ಡಾಕ್ಟರಮ್ಮ ಸೀಸೆಯನ್ನು ಸೊಸೆಯ ಕೈಗೆ ಕೊಟ್ಟರು. ಅತ್ತೆ ಸೊಸೆಯ ಎದುರೇ, ಕುರಿಯನ್ನು ತೋಳಕ್ಕೆ ಒಪ್ಪಿಸಿದ ಹಾಗಾಯಿತು ಎಂದಳು. ನನ್ನ ಕಣ್ಣು ಹೋದರೆ ಲಾಭ ಯಾರಿಗೆ ಎಂದು ಬೆಂಚಿನಲ್ಲಿದ್ದವರನ್ನೆಲ್ಲ ಕೇಳಿದಳು. ಒಂದೋ ಸೊಸೆ ಹನಿ ಹಾಕಬೇಕು, ಇಲ್ಲವೇ ನೀನು ಕೋಲಾರಕ್ಕೆ ಬಂದು ಮಲಗಬೇಕು ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು. ಅತ್ತೆ ಸೊಸೆಯನ್ನು ಆರಿಸಿಕೊಂಡಳು, ಬಹಳ ಬೇಸರದಿಂದ.

ಮೊದಮೊದಲು ಅದೂ ನಡೆಯಲಿಲ್ಲ. ಹನಿ ಹಾಕುವಾಗ ಅತ್ತೆ ಸುಮ್ಮನಿದ್ದರೆ ತಾನೇ? ಸೀಸೆ ಎತ್ತಿ ಹಿಡಿ, ಅಲ್ಲಾಡಿಸಬೇಡ, ನಿಮ್ಮಮ್ಮ ನಿನಗೆ ಇದನ್ನೂ ಕಲಿಸಲಿಲ್ಲವಾ ಎಂದು ಬಾಯಿ ಓಡುತ್ತಲೇ ಇತ್ತು. ಬಾಯಿ ಓಡಿದಂತೆ ತಲೆಯೂ ಓಡುತ್ತಿತ್ತು. ಹನಿ ಕಿವಿಗೆ ಬಿದ್ದದ್ದುಂಟು, ಮೂಗುಬಟ್ಟಿಗೆ ಬಿದ್ದದ್ದುಂಟು. ರವಿಕೆಯ ತೋಳಿಗೆ ಬಿದ್ದ ಕಲೆಯನ್ನು ಅತ್ತೆ ಸಾಕ್ಷಿಯೆಂದು ನನಗೆ ತಂದು ತೋರಿಸಿದಳು.

ನಾನು ಇಬ್ಬರನ್ನೂ ಕೂರಿಸಿ ಮತ್ತೆ ಮೊದಲಿನಿಂದ ಹೇಳಿಕೊಟ್ಟೆ. ಕೆಳರೆಪ್ಪೆಯನ್ನು ಜೇಬಿನ ಹಾಗೆ ಮೆಲ್ಲಗೆ ಎಳೆದು ಅದರೊಳಗೆ ಹನಿ ಬಿಡಬೇಕು. ಕಣ್ಣು ಮುಚ್ಚಿ, ಮೂಗಿನ ಪಕ್ಕ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಗಂಟಲಿಗೆ ಹೋಗುವ ದಾರಿ ಮುಚ್ಚುತ್ತದೆ, ಔಷಧಿ ಕಣ್ಣಲ್ಲಿ ಉಳಿಯುತ್ತದೆ. ಹಾಗೆ ಎರಡು ನಿಮಿಷ ಇರಬೇಕು. ಆ ಎರಡು ನಿಮಿಷ ಮಾತಾಡಬಾರದು, ಮಾತಾಡಿದರೆ ಮುಖ ಅಲ್ಲಾಡಿ ಹಾಕಿದ್ದೆಲ್ಲ ಹೊರಟುಹೋಗುತ್ತದೆ.

ಅಲ್ಲಿಯವರೆಗೆ ಕಿಟಕಿಯ ಕಡೆ ನೋಡುತ್ತಿದ್ದ ಸೊಸೆ ನನ್ನ ಕಡೆಗೆ ತಿರುಗಿದಳು.

“ಬಾಯಿ ಮುಚ್ಕೊಂಡೇ ಇರ್ಬೇಕಾ ಸಾರ್?”

ಹೌದು ಎಂದೆ.

“ಎರಡು ನಿಮಿಷ ಪೂರ್ತಿ? ದಿನಕ್ಕೆ ನಾಲ್ಕು ಸಲಾನೂ?”

ಅದಕ್ಕೂ ಹೌದು ಎಂದೆ. ಅವಳು ಸೀಸೆಯನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಒಡವೆಯನ್ನೂ ಅಷ್ಟು ಭದ್ರವಾಗಿ ಕಟ್ಟಿಕೊಳ್ಳುವವರನ್ನು ನಾನು ಕಂಡಿಲ್ಲ.

ಅಂದಿನಿಂದ ಒತ್ತಡ ಏರಲಿಲ್ಲ. ಹುಳ ಜ್ವರಕ್ಕೆ ಕೂತರೂ, ಗೂಡು ಮಾರ್ಕೆಟ್ಟಿಗೆ ಹೋದರೂ, ಮಾವ ಮುನಿಸಿಕೊಂಡು ಊಟ ಬಿಟ್ಟರೂ ಹನಿ ಮಾತ್ರ ತಪ್ಪಲಿಲ್ಲ. ನೆಂಟರ ಮದುವೆಗೆ ಹೋದಾಗಲೂ ಸೊಸೆ ಛತ್ರದ ಮೂಲೆಯಲ್ಲಿ ಅತ್ತೆಯನ್ನು ಕೂರಿಸಿ ಹನಿ ಹಾಕಿದಳಂತೆ. ಇಷ್ಟು ನಿಷ್ಠೆಯ ಸೊಸೆಯನ್ನು ನೋಡಿಲ್ಲವೆಂದು ಡಾಕ್ಟರಮ್ಮ ಹೊಗಳಿದರು. ಹೊಗಳಿಸಿಕೊಂಡು ಹೊರಗೆ ಬಂದ ಮೇಲೆ ಸೊಸೆ ನನ್ನನ್ನು ಪಕ್ಕಕ್ಕೆ ಕರೆದಳು.

“ಸಾರ್, ಕಾಣಿಸದೇ ಇರೋ ಎಡಗಣ್ಣಿಗೂ ಒಂದು ಹನಿ ಹಾಕಿದ್ರೆ ಏನಾದ್ರೂ ತೊಂದ್ರೆನಾ?” ಎಂದು ಮೆಲ್ಲಗೆ ಕೇಳಿದಳು. “ಇನ್ನೆರಡು ನಿಮಿಷ ಸಿಗ್ತದೆ.”

ಮೊಲದ ಕಣ್ಣು

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಿಂದ ಒಬ್ಬ ಯುವಕ ನಮ್ಮ ಜೀಪಿನಲ್ಲಿ ಶ್ರೀನಿವಾಸಪುರಕ್ಕೆ ಬಂದ. ಔಷಧಿ ಕಣ್ಣಲ್ಲಿ ನಿಲ್ಲುವಂತೆ ಮಾಡುವುದು ಹೇಗೆ ಎಂಬುದೇ ಅವನ ಸಂಶೋಧನೆ. ಹಳ್ಳಿಯವರು ಹನಿ ಹೇಗೆ ಹಾಕಿಕೊಳ್ಳುತ್ತಾರೆಂದು ನೋಡಬೇಕಿತ್ತಂತೆ. ಒಳ್ಳೆಯ ಹುಡುಗ, ಬೆಂಚಿನವರಿಗೂ ಅರ್ಥವಾಗಲಿ ಎಂದು ಕಷ್ಟಪಟ್ಟು ಕನ್ನಡದಲ್ಲೇ ಹೇಳಿದ. ಔಷಧಿಯನ್ನು ನ್ಯಾನೊ ಕಣ ಎನ್ನುವ ಅತಿ ಸಣ್ಣ ಕಣಗಳೊಳಗೆ ಸೇರಿಸಿ ಹನಿಯಲ್ಲಿ ತೇಲಿಬಿಡುವುದು. ಕಣ ಕಣ್ಣಿನ ಮೈಗೆ ಅಂಟಿಕೊಳ್ಳುತ್ತದೆ, ರೆಪ್ಪೆ ಬಡಿದರೂ ಬೇಗ ತೊಳೆದುಹೋಗುವುದಿಲ್ಲ, ಒಳಗಿರುವ ಔಷಧಿಯನ್ನು ನಿಧಾನವಾಗಿ ಬಿಡುತ್ತಾ ಇರುತ್ತದೆ. ಹೊರದೇಶದಲ್ಲಿ ಪ್ರಯೋಗಗಳು ನಡೆಯುತ್ತಿವೆ, ತಾವೂ ಶುರು ಮಾಡಿದ್ದೇವೆ ಎಂದ.

ಎಷ್ಟು ಸಣ್ಣ ಕಣ ಎಂದು ಯಾರೋ ಕೇಳಿದರು. ರಾಗಿ ಹಿಟ್ಟಿನ ಒಂದು ಕಣವನ್ನು ಮತ್ತೆ ಬೀಸಿ, ಅದರಲ್ಲೊಂದನ್ನು ಮತ್ತೆ ಬೀಸಿ, ಹಾಗೆ ಬೀಸುತ್ತಲೇ ಹೋದರೆ ಎಂದ. ಕಣ್ಣಿಗೆ ಹೊಟ್ಟು ಬಿದ್ದು ಬೆಳಗಿನಿಂದ ಕೂತಿದ್ದ ಮಾವಿನ ತೋಟದವನೊಬ್ಬ, ತಾನು ಒಂದು ಕಣ ತೆಗೆಸಿಕೊಳ್ಳಲು ಬಂದಿದ್ದೇನೆ, ಇವರು ನೂರಾರು ಹಾಕುತ್ತಾರಂತೆ ಎಂದು ಮೆಲ್ಲಗೆ ಎದ್ದು ಬೆಂಚಿನ ಆ ತುದಿಗೆ ಹೋದ.

ಅದೇ ದಿನ ನಮ್ಮ ಅತ್ತೆ ಸೊಸೆಯೂ ಬಂದಿದ್ದರು. ಬಲಗಣ್ಣು ಹಾಗೇ ಉಳಿದಿತ್ತು. ಅತ್ತೆ ಈಗಲೂ ಹಣ್ಣಾದ ಹುಳವನ್ನು ತಾನೇ ಆರಿಸುತ್ತಿದ್ದಳು, ತಟ್ಟೆಗಳು ಅವಳ ಕೈಯಲ್ಲೇ ಇದ್ದವು. ಇಷ್ಟು ವರ್ಷ ಒತ್ತಡ ಒಂದೇ ಮಟ್ಟದಲ್ಲಿ ನಿಂತಿದ್ದನ್ನು ಕೇಳಿ ಯುವಕನಿಗೆ ಆಶ್ಚರ್ಯ. ಇದೇ ಹನಿಯನ್ನು ಹಾಕಿಕೊಳ್ಳುವ ಎಷ್ಟೋ ಮಂದಿ ನಡುವೆ ಬಿಟ್ಟುಬಿಡುತ್ತಾರೆ, ಇವರು ಹೇಗೆ ಬಿಡಲಿಲ್ಲ ಎಂದ. ಅಷ್ಟು ಹೊತ್ತಿಗೆ ಮಧ್ಯಾಹ್ನದ ಹನಿಯ ಸಮಯವಾಗಿತ್ತು. ಸೊಸೆ ಸೆರಗಿನ ಗಂಟು ಬಿಚ್ಚಿ, ಅತ್ತೆಯ ಗಲ್ಲ ಹಿಡಿದೆತ್ತಿ ಹನಿ ಹಾಕಿದಳು. ಅತ್ತೆ ಕಣ್ಣು ಮುಚ್ಚಿ, ಮೂಗಿನ ಪಕ್ಕ ಬೆರಳೊತ್ತಿ, ಬಾಯಿ ಬಿಗಿದುಕೊಂಡು ಕೂತಳು.

ಯುವಕ ಸಂತೋಷದ ಸುದ್ದಿ ಹೇಳುವವನಂತೆ ಸೊಸೆಯ ಕಡೆ ತಿರುಗಿದ. ಮೊಲಗಳ ಕಣ್ಣಿಗೆ ಹಾಕಿ ನೋಡುತ್ತಿದ್ದೇವೆ, ಮುಂದೆ ಮನುಷ್ಯರಿಗೂ ಬಂದರೆ ದಿನಕ್ಕೆ ನಾಲ್ಕು ಸಲ ಹಾಕುವ ಕಷ್ಟ ನಿಮಗಿರುವುದಿಲ್ಲ, ಒಂದೇ ಸಲ ಸಾಕು ಎಂದ.

ಸೊಸೆಯ ಮುಖ ಇಳಿದುಹೋಯಿತು.

“ಮಿಕ್ಕ ಮೂರು ಸಲ?” ಎಂದಳು.

ಬೇಕಾಗುವುದಿಲ್ಲ ಎಂದ ಅವನು.

“ಬೇಡ ಸಾರ್. ಅದನ್ನ ನೀವು ಮೊಲಕ್ಕೇ ಹಾಕ್ಕೊಳ್ಳಿ.” ಅವಳು ಅತ್ತೆಯ ಕಡೆ ಒಂದು ಸಲ ನೋಡಿ, ಇನ್ನೂ ಸಮಯವಿದೆಯೆಂದು ಖಾತ್ರಿ ಮಾಡಿಕೊಂಡಳು. “ನಾನು ಬೇಕಂತ್ಲೇ ಕಣ್ಣು ಕಳೀತೀನಿ ಅಂತ ಇವರು ಊರೆಲ್ಲ ಹೇಳಿದ್ರು. ತಟ್ಟೆ ಇವತ್ತಲ್ಲ ನಾಳೆ ನಂಗೆ ಬಂದೇ ಬರ್ತದೆ ಸಾರ್, ಅದಕ್ಕೇನು ಅವಸರ? ಆದ್ರೆ ಮದುವೆಯಾಗಿ ಬಂದಾಗಿಂದ ಆ ಮನೇಲಿ ನಾನು ಒಂದು ಮಾತು ಶುರು ಮಾಡಿ ಮುಗ್ಸಿದ್ದು ಈ ಸೀಸೆ ಬಂದ್ಮೇಲೇನೇ. ಎರಡು ನಿಮಿಷ ನಾನು ಹೇಳ್ತೀನಿ, ಅವರು ಕೇಳ್ತಾರೆ. ನಮ್ಮಮ್ಮನ ಮನೆ ವಿಷ್ಯ ಹೇಳಿದೀನಿ, ಮಕ್ಕಳ ವಿಷ್ಯ ಹೇಳಿದೀನಿ, ನಂಗೆ ಬೇಜಾರಾಗಿದ್ದೆಲ್ಲ ಹೇಳಿದೀನಿ. ಒಂದು ಸಲಕ್ಕೆ ಇಳಿಸಿದ್ರೆ ಅಷ್ಟನ್ನೂ ಯಾವಾಗ ಹೇಳ್ಲಿ?”

ಬೆಂಚಿನಲ್ಲಿದ್ದವರೆಲ್ಲ ಅತ್ತೆಯ ಕಡೆ ತಿರುಗಿದರು. ಹನಿ ಹಾಕಿದ್ದು ಅತ್ತೆಯ ಕಣ್ಣಿಗೆ, ಕಿವಿಗಲ್ಲ. ಅಷ್ಟೂ ಅವಳಿಗೆ ಕೇಳಿಸಿತ್ತು. ಮುಚ್ಚಿದ ಬಾಯಿ ಮುಚ್ಚಿದಂತೆಯೇ ಇತ್ತು, ಆದರೆ ಮೂಗುಬಟ್ಟು ಏರಿ ಇಳಿಯುತ್ತಿತ್ತು. ಡಾಕ್ಟರಮ್ಮ ನನ್ನ ಕೈಗಡಿಯಾರದ ಕಡೆ ನೋಡಿದರು. ನಾನೂ ನೋಡಿದೆ. ಈಗ ಏನಾಗುತ್ತದೋ ಎಂದು ನನಗೂ ಸ್ವಲ್ಪ ಭಯವಿತ್ತು.

ಎರಡು ನಿಮಿಷ ಆಯಿತು. ಅತ್ತೆ ಬೆರಳು ತೆಗೆದು, ಸೆರಗಿನಿಂದ ಕೆನ್ನೆ ಒರೆಸಿಕೊಂಡು ಕಣ್ಣು ಬಿಟ್ಟಳು. ಸೊಸೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಅತ್ತೆ ಅವಳ ಕಡೆ ನೋಡಲೇ ಇಲ್ಲ, ನೇರವಾಗಿ ಯುವಕನನ್ನು ನೋಡಿದಳು.

“ಒಂದು ಸಲ ಸಾಕು ಅಂದ್ರೆ ಇವಳು ಒಂದೇ ಸಲ ಬರ್ತಾಳೆ,” ಎಂದಳು. “ಮಿಕ್ಕ ಮೂರು ಸಲ ನನ್ನ ಗಲ್ಲ ಹಿಡ್ಕೊಂಡು ಮಾತಾಡ್ಸೋಕೆ ಯಾರಪ್ಪ ಬರ್ತಾರೆ, ನಿನ್ನ ಮೊಲ ಬರ್ತದಾ?”